ಚೆಂದದ ಮುಖಕ್ಕೆ ಒರಟು ಪಾತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನೋಡಲು ಲಕ್ಷಣವಾಗಿರುವ ನಟನೋ ನಟಿಯೋ ಇದ್ದಕ್ಕಿದ್ದಂತೆ ಹಲ್ಲು ಕಪ್ಪು ಮಾಡಿಕೊಂಡು, ತಲೆ ಬೋಳಿಸಿಕೊಂಡು, ಇಲ್ಲವೇ ಕೊಲೆಗಾರನಾಗಿ ತೆರೆಗೆ ಬಂದರೆ ಸಾಕು, ಮರುದಿನ ನನ್ನ ಫೋನಿಗೆ ಮೆಸೇಜು ಶುರು. ನನಗೆ ಸಿನಿಮಾ ಹುಚ್ಚಿನ ಗೆಳೆಯರು ಜಾಸ್ತಿ. ಅವರ ಪ್ರಶ್ನೆಗಳು ಮಾತ್ರ ಸುತ್ತಿ ಸುತ್ತಿ ಅವೇ ಹದಿನಾಲ್ಕು. ಪ್ರತಿ ಸಲ ಬೆರಳು ನೋಯಿಸಿಕೊಳ್ಳುವ ಬದಲು ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಟೈಪ್‌ಕಾಸ್ಟ್ ಆಗೋದು ಅಂದರೆ ಏನು?

ಒಂದು ಬಗೆಯ ಪಾತ್ರದಲ್ಲಿ ಗೆದ್ದವರನ್ನು ಮತ್ತೆ ಮತ್ತೆ ಅದೇ ಪಾತ್ರಕ್ಕೆ ಕರೆಯುವುದು. ಕಥೆ ಹೇಳಲು ಬಂದವರು 'ಸಾರ್, ನೀವು ಹೋದ ಸಿನಿಮಾದಲ್ಲಿ ಮಾಡಿದ್ರಲ್ಲ, ಹಾಗೇ' ಅಂತ ಶುರು ಮಾಡಿದರೆ ಅಚ್ಚು ಬಿದ್ದಿದೆ ಅಂತಲೇ ಲೆಕ್ಕ.

ಚೆನ್ನಾಗಿರೋದೂ ಒಂದು ಕಷ್ಟವಾ? ಅದೃಷ್ಟ ಅಲ್ವಾ ಅದು?

ಅದೃಷ್ಟವೇ. ಬಾಗಿಲು ಬೇಗ ತೆರೆಯುತ್ತದೆ. ಆದರೆ ಒಂದೇ ಬಾಗಿಲು.

ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಿಸುವ ರೂಢಿ ನಿಮಗೆ ಗೊತ್ತಿರಬಹುದು. ಅಲ್ಲಿ ನಟನಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಟನೇ ಪಾತ್ರಕ್ಕೆ ಇಷ್ಟು ಅಂತ ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಲೈಟು ಎಲ್ಲ ಆ ದುಡ್ಡಿನಲ್ಲೇ. ಕೃಷ್ಣ, ದುರ್ಯೋಧನನಿಗೆ ರೇಟು ಜಾಸ್ತಿ. ನಮ್ಮೂರಿನಲ್ಲಿ ಒಬ್ಬರಿದ್ದರು. ಎತ್ತರದ ಆಳು, ಎಸಳು ಮೂಗು. ಮೂರು ಸಲ ನಾಟಕವಾದಾಗ ಮೂರು ಸಲವೂ ಅವರೇ ಕೃಷ್ಣ. ನಾಲ್ಕನೇ ಸಲ ಶಕುನಿ ಬೇಕು ಅಂದರು. 'ನಿನ್ನ ಮೊಕಕ್ಕೆ ಶಕುನಿ ಅಂದ್ರೆ ಯಾರೋ ಒಪ್ತಾರೆ' ಅಂತ ಮೇಷ್ಟ್ರು ನಕ್ಕರು. ಕೊನೆಗೆ ಕೃಷ್ಣನ ರೇಟನ್ನೇ ಕಟ್ಟಿ ಅವರು ಶಕುನಿ ಮಾಡಿದರು. ಕಾಲು ಎಳೆದುಕೊಂಡು ಬಂದು, ದಾಳವನ್ನು ಅಂಗೈಯಲ್ಲಿ ಉಜ್ಜಿ, ಮಾತಾಡದೆ ಸುಮ್ಮನೆ ಜನರ ಕಡೆ ನೋಡಿದರು. ಹೆಂಗಸರ ಸಾಲಿನಿಂದ ಶಾಪ ಬಿತ್ತು. ಅವತ್ತು ರಾತ್ರಿ ಅವರಷ್ಟು ಖುಷಿಯಾಗಿದ್ದ ಮನುಷ್ಯನನ್ನು ನಾನು ನೋಡಿಲ್ಲ.

ಹಾಲಿವುಡ್ ಆಗಲಿ ಗಾಂಧಿನಗರ ಆಗಲಿ, ನನಗೆ ಈ ವಿಷಯ ಅರ್ಥವಾಗುವುದು ಆ ಮೇಷ್ಟ್ರ ನಗು ಮತ್ತು ಆ ಜಾಸ್ತಿ ಕಟ್ಟಿದ ದುಡ್ಡಿನಿಂದಲೇ.

ಇದು ಈಗಿನ ಟ್ರೆಂಡಾ?

ಅಲ್ಲ, ನಮ್ಮ ತಾತನ ಕಾಲದ್ದು. 1940ರ ದಶಕದಲ್ಲಿ ಹಾಲಿವುಡ್‌ನ ಅತಿ ಸುಂದರ ಗಂಡಸರಲ್ಲಿ ಟೈರೋನ್ ಪವರ್ ಒಬ್ಬರು. ಕತ್ತಿ ಹಿಡಿದು, ಬಾಲ್ಕನಿ ಹಾರಿ, ನಾಯಕಿಯನ್ನು ಉಳಿಸುವ ಪಾತ್ರಗಳು. ಆಗ ನಟರು ಸ್ಟುಡಿಯೋ ಜೊತೆ ಕರಾರಿಗೆ ಕಟ್ಟಿಬಿದ್ದಿರುತ್ತಿದ್ದರು, ಪಾತ್ರ ಆರಿಸುವುದು ಸ್ಟುಡಿಯೋ. ಅವರು ಹಟ ಹಿಡಿದು 1947ರಲ್ಲಿ 'ನೈಟ್‌ಮೇರ್ ಆ್ಯಲಿ' ಮಾಡಿಸಿಕೊಂಡರು. ಜಾತ್ರೆಯಲ್ಲಿ ಜನರಿಗೆ ಮೋಸ ಮಾಡಿ ಮೇಲೆ ಬಂದವನು, ಕೊನೆಗೆ ಅದೇ ಜಾತ್ರೆಯಲ್ಲಿ ಜೀವಂತ ಕೋಳಿಯ ಕತ್ತು ಕಚ್ಚುವ ಕುಡುಕನ ಮಟ್ಟಕ್ಕೆ ಇಳಿಯುವ ಕಥೆ. ಸಿನಿಮಾ ಓಡಲಿಲ್ಲ. ಸ್ಟುಡಿಯೋ ಅವರನ್ನು ಮತ್ತೆ ಕತ್ತಿ ವರಸೆಗೇ ಕಳಿಸಿತು. ಈಗ ಅವರ ಕೆಲಸದಲ್ಲಿ ಅದೇ ಶ್ರೇಷ್ಠ ಅನ್ನುವವರು ಬಹಳ. ಅದನ್ನು ಕೇಳಲು ಅವರಿಲ್ಲ, 1958ರಲ್ಲೇ ಹೋದರು.

ನಟಿಯರ ಕಥೆಯೂ ಇದೆ. ಗ್ರೇಸ್ ಕೆಲ್ಲಿ 1954ರ 'ದಿ ಕಂಟ್ರಿ ಗರ್ಲ್'ನಲ್ಲಿ ಕನ್ನಡಕ, ಮಾಸಿದ ಸ್ವೆಟರ್ ಹಾಕಿಕೊಂಡು ಕುಡುಕನ ಹೆಂಡತಿಯಾದರು, ಆಸ್ಕರ್ ಬಂತು. ಎಲಿಜಬೆತ್ ಟೇಲರ್ 1966ರ 'ಹೂಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?'ನಲ್ಲಿ ತೂಕ ಏರಿಸಿಕೊಂಡು, ತಮಗಿಂತ ತುಂಬ ದೊಡ್ಡ ವಯಸ್ಸಿನ, ಬಾಯಿ ಬಿಟ್ಟರೆ ಬೈಗುಳದ ಮಾರ್ತಾ ಆದರು. ಅವರಿಗೂ ಆಸ್ಕರ್.

ಎಲ್ಲರೂ ಚಾರ್ಲೀಜ್ ಥೆರಾನ್ ಹೆಸರನ್ನೇ ಯಾಕೆ ಹೇಳ್ತಾರೆ?

ಯಾಕೆಂದರೆ ಹಿಂದಿನದಕ್ಕೂ ಮುಂದಿನದಕ್ಕೂ ಅಷ್ಟು ದೊಡ್ಡ ಅಂತರ ಕಣ್ಣಿಗೆ ಬಿದ್ದದ್ದು ಅಲ್ಲೇ. ದಕ್ಷಿಣ ಆಫ್ರಿಕಾದ ಹುಡುಗಿ. ಮಾಡೆಲಿಂಗ್ ಮಾಡಿ, ಬ್ಯಾಲೆ ಕಲಿತು, ಮೊಣಕಾಲು ಕೆಟ್ಟು ಸಿನಿಮಾಗೆ ಬಂದವರು. ಬಂದ ಪಾತ್ರಗಳೆಲ್ಲ ಹೀರೋ ಪಕ್ಕದ ಚೆಂದದ ಹೆಂಡತಿ ಅಥವಾ ಪ್ರೇಯಸಿ. 2003ರಲ್ಲಿ 'ದಿ ಇಟಾಲಿಯನ್ ಜಾಬ್' ಬಂತು, ಫಳಫಳ ಹೊಳೆಯುವ ಥೆರಾನ್. ಅದೇ ವರ್ಷದ ಕೊನೆಗೆ 'ಮಾನ್‌ಸ್ಟರ್'.

ಅದರಲ್ಲಿ ಅವರು ಐಲೀನ್ ವುರ್ನೋಸ್. ಅಮೆರಿಕದ ಫ್ಲಾರಿಡಾದಲ್ಲಿ ಹೆದ್ದಾರಿ ಬದಿಯಲ್ಲಿ ಮೈ ಮಾರಿಕೊಂಡು ಬದುಕುತ್ತಿದ್ದ, ಗಂಡಸರನ್ನು ಕೊಂದು 2002ರಲ್ಲಿ ಮರಣದಂಡನೆಗೆ ಗುರಿಯಾದ ಹೆಂಗಸು. ಥೆರಾನ್ ಸುಮಾರು 13 ಕಿಲೋ ತೂಕ ಏರಿಸಿದರು. ಹುಬ್ಬು ಬೋಳಿಸಿಕೊಂಡರು. ಮೇಕಪ್ ಮಾಡಿದ ಟೋನಿ ಜಿ ದೊಡ್ಡ ಮುಖವಾಡ ಏನೂ ಹಾಕಲಿಲ್ಲ. ತೆಳು ಬಣ್ಣವನ್ನು ಪದರ ಪದರವಾಗಿ ಹಚ್ಚಿ ಚರ್ಮವನ್ನು ಬಿಸಿಲಿಗೆ ಸುಟ್ಟ ಹಾಗೆ ಮಾಡಿದರು, ರೆಪ್ಪೆಗೆ ಜಿಲೆಟಿನ್ ಹಚ್ಚಿ ಜೋತು ಬಿಡಿಸಿದರು. ಕೃತಕ ಹಲ್ಲಿನ ಸೆಟ್ಟು ಹಾಕಿದ ಮೇಲೆ ಬಾಯಿಯ ಆಕಾರವೇ ಬದಲಾಯಿತು.

ಇಷ್ಟು ಎಲ್ಲರಿಗೂ ಗೊತ್ತು. ನಾನು ಹೇಳುವುದು ಬೇರೆ. ಸಿನಿಮಾ ಮತ್ತೆ ನೋಡಿದರೆ ಮುಖದ ಕಡೆ ನೋಡಬೇಡಿ, ಕುತ್ತಿಗೆ ನೋಡಿ. ತಲೆಯನ್ನು ಹಿಂದಕ್ಕೆ ಎಸೆದು, ಗದ್ದ ಮುಂದೆ ಮಾಡಿ, ಭುಜ ಬಿಗಿದು ನಡೆಯುವ ಆ ನಡಿಗೆ. 'ಯಾರಾದ್ರೂ ಏನಾದ್ರೂ ಅಂದ್ರೆ ನೋಡು' ಅನ್ನುವ ಜಂಬ. ಅದರ ಹಿಂದೆ ಈಗಲೋ ಆಗಲೋ ಏಟು ಬೀಳುತ್ತದೆ ಅನ್ನುವ ಹೆದರಿಕೆ. ಅದನ್ನು ಯಾವ ಮೇಕಪ್ಪೂ ಕೊಡುವುದಿಲ್ಲ.

ಇನ್ನೊಂದು ವಿಷಯ. ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್‌ಗೆ ಅದು ಮೊದಲ ಚಿತ್ರ. ಥೆರಾನ್ ನಟಿ ಮಾತ್ರ ಅಲ್ಲ, ನಿರ್ಮಾಪಕರಲ್ಲಿ ಒಬ್ಬರು. ಹಣ ಹಾಕಿದವರು ಚಿತ್ರೀಕರಣದ ತುಣುಕು ನೋಡಿ ಗಾಬರಿಯಾಗಿದ್ದನ್ನು ಥೆರಾನ್ ಆಮೇಲೆ ಹೇಳಿಕೊಂಡಿದ್ದಾರೆ. ದುಡ್ಡು ಹಾಕಿದವರು ಕೊಂಡದ್ದು ಚೆಂದದ ಥೆರಾನ್, ಬಂದದ್ದು ಐಲೀನ್. ನಮ್ಮೂರ ಮೇಷ್ಟ್ರು ನೆನಪಾದರು. 2004ರ ಫೆಬ್ರವರಿ 29ರಂದು ಆಸ್ಕರ್ ಕೈಗೆ ಬಂತು. ಅದು ಐಲೀನ್ ಹುಟ್ಟಿದ ತಾರೀಖು ಕೂಡ.

ಹಾಗಾದ್ರೆ ಮುಖ ಕೆಡಿಸಿಕೊಂಡರೆ ಪ್ರಶಸ್ತಿ ಗ್ಯಾರಂಟಿನಾ?

ಹಾಗಂತ ನಂಬಿದವರು ಬಹಳ. ಅದರ ಹಿಂದಿನ ವರ್ಷವಷ್ಟೇ ನಿಕೋಲ್ ಕಿಡ್ಮನ್ 'ದಿ ಅವರ್ಸ್'ಗೆ ಆಸ್ಕರ್ ಗೆದ್ದಿದ್ದರು, ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಆಗಲು ಕೃತಕ ಮೂಗು ಅಂಟಿಸಿಕೊಂಡಿದ್ದರು. ಚರ್ಚೆಯೆಲ್ಲ ಆ ಮೂಗಿನ ಬಗ್ಗೆಯೇ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ನಟನೆಗಿಂತ ಮೂಗೇ ಭಾರವಾಯಿತು. ಆದರೆ 2014ರಲ್ಲಿ ಜೆನಿಫರ್ ಆನಿಸ್ಟನ್ 'ಕೇಕ್'ನಲ್ಲಿ ಮುಖದ ತುಂಬ ಗಾಯದ ಗುರುತು, ಬಾಚದ ಕೂದಲು, ಮೈಯೆಲ್ಲ ನೋವು ಅಂತ ಚೆನ್ನಾಗೇ ಮಾಡಿದರು. ಆಸ್ಕರ್ ಪಟ್ಟಿಗೂ ಹೆಸರು ಬರಲಿಲ್ಲ. ಗ್ಯಾರಂಟಿ ಕಾರ್ಡು ಯಾರ ಹತ್ತಿರವೂ ಇಲ್ಲ.

ಮೇಕಪ್ ಗೆಟಪ್ ಇಲ್ಲದೆ ಇಮೇಜ್ ಮುರಿಯೋಕೆ ಆಗಲ್ವಾ?

ಆಗುತ್ತದೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಮ್ಯಾಥ್ಯೂ ಮೆಕಾನಹೇ ಕಥೆ ಕೇಳಿ.

2000ದ ನಂತರ ಹತ್ತು ವರ್ಷ ಈ ಮನುಷ್ಯ ಅಂದರೆ ರೊಮ್ಯಾಂಟಿಕ್ ಕಾಮಿಡಿ. 'ದಿ ವೆಡ್ಡಿಂಗ್ ಪ್ಲಾನರ್', 'ಹೌ ಟು ಲೂಸ್ ಎ ಗೈ ಇನ್ 10 ಡೇಸ್', 'ಫೂಲ್ಸ್ ಗೋಲ್ಡ್'. ಸಮುದ್ರ ತೀರ, ಬರಿಮೈ, ಒಂದು ನಗು. ದುಡ್ಡೂ ಚೆನ್ನಾಗಿತ್ತು. ಒಂದು ಹಂತದಲ್ಲಿ ಸಾಕು ಅಂತ ಏಜೆಂಟ್‌ಗೆ ಹೇಳಿದರು, ಇನ್ನು ಅಂಥವು ಬೇಡ. ಅವರ ಆತ್ಮಕಥೆಯಲ್ಲಿ ಒಂದು ಪ್ರಸಂಗ ಇದೆ. ಅಂಥದೇ ಒಂದು ಚಿತ್ರಕ್ಕೆ 80 ಲಕ್ಷ ಡಾಲರ್ ಕೊಡುತ್ತೇವೆ ಅಂದರು. ಇವರು ಬೇಡ ಅಂದರು. 1 ಕೋಟಿ ಅಂದರು. ಬೇಡ. 1 ಕೋಟಿ 25 ಲಕ್ಷ. ಬೇಡ. 1 ಕೋಟಿ 45 ಲಕ್ಷ ಅಂದಾಗ, 'ಇನ್ನೊಂದು ಸಲ ಸ್ಕ್ರಿಪ್ಟ್ ಓದ್ತೀನಿ ಕೊಡಿ' ಅಂದರಂತೆ. ಅದೇ ಸ್ಕ್ರಿಪ್ಟ್, ಅದೇ ಮಾತು. ಆದರೆ ಈ ಸಲ ಓದಿದಾಗ ಮೊದಲಿಗಿಂತ ಚೆನ್ನಾಗಿ ಬರೆದ ಹಾಗೆ ಕಂಡಿತಂತೆ! ಈ ಒಂದು ಪ್ರಾಮಾಣಿಕ ಮಾತಿಗೆ ನಾನು ಅವರ ಅಭಿಮಾನಿ. ಆದರೂ ಬೇಡ ಅಂದರು.

ಆಮೇಲೆ ಸುಮಾರು 20 ತಿಂಗಳು ಫೋನ್ ಸದ್ದಿಲ್ಲ. ಇವನಿಗೆ ದುಡ್ಡು ಬೇಡ, ರೊಮ್ಯಾನ್ಸ್ ಬೇಡ ಅಂತ ಊರಿಗೆಲ್ಲ ಗೊತ್ತಾಯಿತು. ಜನರೂ ಆ ಮುಖವನ್ನು ಸ್ವಲ್ಪ ಮರೆತರು. ಆಗ ಶುರುವಾಯಿತು ಬೇರೆ ಬಗೆಯ ಕರೆ. 2011ರಲ್ಲಿ 'ದಿ ಲಿಂಕನ್ ಲಾಯರ್', ಹಿಂದೆಯೇ 'ಕಿಲ್ಲರ್ ಜೋ'ನಲ್ಲಿ ಕೊಲೆ ಮಾಡುವುದನ್ನೇ ಉಪಕಸುಬು ಮಾಡಿಕೊಂಡ ಪೊಲೀಸ್, 2012ರಲ್ಲಿ 'ಮಡ್'. 2013ರಲ್ಲಿ 'ಡಲ್ಲಾಸ್ ಬಯರ್ಸ್ ಕ್ಲಬ್'. ಏಡ್ಸ್ ಬಂದ ಎಲೆಕ್ಟ್ರಿಷಿಯನ್ ಪಾತ್ರಕ್ಕೆ 20 ಕಿಲೋಗೂ ಜಾಸ್ತಿ ಇಳಿಸಿದರು, ಆಸ್ಕರ್ ಬಂತು. ಆ ಚಿತ್ರದ ಮೇಕಪ್ ಬಜೆಟ್ ಬರೀ 250 ಡಾಲರ್, ಮೇಕಪ್ಪಿಗೂ ಆಸ್ಕರ್! ಜನ ಆ ಇಳಿದ ಕಿಲೋಗಳನ್ನು ಎಣಿಸುತ್ತಾರೆ. ನಾನು ಆ 20 ತಿಂಗಳನ್ನು ಎಣಿಸುತ್ತೇನೆ.

ಹುಡುಗಿಯರ ಕನಸಿನ ಹೀರೋ ಆಗಿದ್ದವರು ಏನು ಮಾಡ್ತಾರೆ?

ಅವರಿಗೆ ಕಷ್ಟ ಒಂದು ಪಟ್ಟು ಹೆಚ್ಚು. ಅಭಿಮಾನಿಗಳು ಚಿಕ್ಕವರು, ಪೋಸ್ಟರ್ ಗೋಡೆ ಮೇಲಿದೆ. ರಾಬರ್ಟ್ ಪ್ಯಾಟಿನ್ಸನ್ 2008ರಿಂದ 2012ರವರೆಗೆ 'ಟ್ವಿಲೈಟ್' ಸರಣಿಯ ಐದು ಚಿತ್ರಗಳಲ್ಲಿ ಹೊಳೆಯುವ ರಕ್ತಪಿಶಾಚಿ. ಸರಣಿ ಮುಗಿದ ವರ್ಷವೇ ಡೇವಿಡ್ ಕ್ರೋನೆನ್‌ಬರ್ಗ್ ಚಿತ್ರದಲ್ಲಿ ಉದ್ದ ಕಾರಿನೊಳಗೆ ಕೂತು ಹಾಳಾಗುವ ಶ್ರೀಮಂತ. ಆಮೇಲೆ ಸ್ಯಾಫ್ಡಿ ಸಹೋದರರು ಅನ್ನುವ ನಿರ್ದೇಶಕರ ಒಂದು ಚಿತ್ರದ ಫೋಟೋ ನೋಡಿ ತಾವೇ ಮೇಲ್ ಮಾಡಿ ಕೆಲಸ ಕೇಳಿದರು. ಹುಟ್ಟಿದ್ದು 2017ರ 'ಗುಡ್ ಟೈಮ್', ತಮ್ಮನನ್ನು ಬಿಡಿಸಲು ರಾತ್ರಿಯಿಡೀ ಊರೆಲ್ಲ ಓಡುವ ಬ್ಯಾಂಕ್ ಕಳ್ಳ. ಸಣ್ಣ ದುಡ್ಡಿನ ಚಿತ್ರ, ದೊಡ್ಡ ನಿರ್ದೇಶಕ ಅನ್ನುವುದು ಅವರ ದಾರಿ. ವರ್ಷಗಟ್ಟಲೆ ಹಾಗೆ ನಡೆದು 2022ರಲ್ಲಿ ಬ್ಯಾಟ್‌ಮ್ಯಾನ್ ಆದರು. ಜೊತೆ ನಟಿ ಕ್ರಿಸ್ಟನ್ ಸ್ಟೀವರ್ಟ್ ಫ್ರಾನ್ಸ್ ಕಡೆ ಹೋದರು. 2015ರಲ್ಲಿ ಅಲ್ಲಿನ ಸೀಸರ್ ಪ್ರಶಸ್ತಿ ಗೆದ್ದ ಮೊದಲ ಅಮೆರಿಕನ್ ನಟಿ ಆದರು.

ಡೇನಿಯಲ್ ರಾಡ್‌ಕ್ಲಿಫ್ ಇನ್ನೂ ಮುಂದೆ. ಹ್ಯಾರಿ ಪಾಟರ್ ಸರಣಿ ನಡೆಯುತ್ತಿರುವಾಗಲೇ, 17ನೇ ವಯಸ್ಸಿಗೆ, ಲಂಡನ್ ರಂಗಭೂಮಿಯಲ್ಲಿ 'ಈಕ್ವಸ್' ನಾಟಕಕ್ಕೆ ಬೆತ್ತಲಾಗಿ ನಿಂತರು. 2016ರಲ್ಲಿ ಹೂಸು ಬಿಡುವ ಹೆಣದ ಪಾತ್ರ ಮಾಡಿದರು. ಹೌದು, ಹೆಣ. ಸರಿಯಾಗೇ ಓದಿದ್ದೀರಿ.

ನಮ್ಮ ಕನ್ನಡದಲ್ಲಿ ಯಾರು ಮಾಡಿದ್ದಾರೆ?

ಮೊದಲು ನೆನಪಾಗುವುದು ಶ್ರೀನಾಥ್. ಬಿರುದೇ 'ಪ್ರಣಯರಾಜ'. ಮಂಜುಳಾ ಜೊತೆಗಿನ ಜೋಡಿಗೆ ಜನ ಮುಗಿಬೀಳುತ್ತಿದ್ದ ಕಾಲ. ಅವರನ್ನೇ ಪುಟ್ಟಣ್ಣ ಕಣಗಾಲ್ 1982ರ 'ಮಾನಸ ಸರೋವರ'ದಲ್ಲಿ ಮನೋವೈದ್ಯ ಮಾಡಿದರು. ತಾನು ಗುಣಪಡಿಸಿದ ಹುಡುಗಿಯನ್ನೇ ಪ್ರೀತಿಸಿ, ಅವಳ ಮನಸ್ಸು ಬೇರೆ ಕಡೆ ಇದೆ ಅಂತ ತಿಳಿದಾಗ ತಾನೇ ಬುದ್ಧಿ ಕಳೆದುಕೊಳ್ಳುವವನು. ಹರಿದ ಬಟ್ಟೆ, ಕೆದರಿದ ಗಡ್ಡದಲ್ಲಿ ಅಲೆಯುವ ಆ ಹಾಡು ಇವತ್ತಿಗೂ ಯಾರ ಮನೆಯಲ್ಲಾದರೂ ಟೀವಿಯಲ್ಲಿ ಬಂದರೆ ಮಾತು ನಿಲ್ಲುತ್ತದೆ. ಪ್ರಣಯರಾಜ ಆಗಿದ್ದಕ್ಕೇ ಆ ಪಾತ್ರ ಅಷ್ಟು ಚುಚ್ಚುತ್ತದೆ ಅಂತ ನನ್ನ ಅನಿಸಿಕೆ. ಹಳೆ ಇಮೇಜನ್ನು ಬಿಸಾಡಲಿಲ್ಲ, ಅದನ್ನೇ ಬಂಡವಾಳ ಮಾಡಿಕೊಂಡರು.

ರಮೇಶ್ ಅರವಿಂದ್ ಕೂಡ ಹಾಗೇ. ಹುಡುಗಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬಿಟ್ಟುಕೊಟ್ಟು 'ತ್ಯಾಗರಾಜ' ಅಂತ ತಮಾಷೆಯ ಹೆಸರು ಬಿತ್ತು. 1997ರ 'ಅಮೃತವರ್ಷಿಣಿ'ಯಲ್ಲಿ ಅದೇ ಮೃದು ದನಿ, ಅದೇ ಒಳ್ಳೆ ಹುಡುಗನ ನಗು ಇಟ್ಟುಕೊಂಡು ಗೆಳೆಯನ ಹೆಂಡತಿಯ ಮೇಲೆ ಕಣ್ಣಿಟ್ಟು ಗೆಳೆಯನ ಸಾವಿಗೆ ಕಾರಣನಾದರು. ಗೆಟಪ್ ಏನೂ ಬದಲಾಗಲಿಲ್ಲ. ಅದಕ್ಕೇ ಹೆದರಿಕೆ ಜಾಸ್ತಿ.

ರವಿಚಂದ್ರನ್ 'ಪ್ರೇಮಲೋಕ'ದ 1987ರಿಂದ ಗುಲಾಬಿ, ಗಿಟಾರು, ದ್ರಾಕ್ಷಿ ಗೊಂಚಲು ಅಂತಲೇ ಲೆಕ್ಕ. 2014ರ 'ದೃಶ್ಯ'ದಲ್ಲಿ ಇಬ್ಬರು ಹೆಣ್ಣುಮಕ್ಕಳ ಅಪ್ಪ, ಮನೆಯವರಿಗಾಗಿ ಸುಳ್ಳು ಹೇಳುವ ಸಾಮಾನ್ಯ ಮನುಷ್ಯ. ವಿಕಾರ ಏನಿಲ್ಲ, ಬರೀ ಸಾದಾ. ಸ್ಟಾರ್‌ಗೆ ಸಾದಾ ಆಗುವುದು ಖಳನಾಗುವುದಕ್ಕಿಂತ ಕಷ್ಟ.

ಧನಂಜಯ ಕಥೆ ಉಲ್ಟಾ. 2013ರಲ್ಲಿ ಹೀರೋ ಆಗಿಯೇ ಬಂದರು. ಹೀರೋ ಚಿತ್ರಗಳು ಕೈ ಹಿಡಿಯಲಿಲ್ಲ. 2018ರಲ್ಲಿ ಸೂರಿ ಅವರ 'ಟಗರು' ಚಿತ್ರದಲ್ಲಿ ಶಿವರಾಜ್‌ಕುಮಾರ್ ಎದುರು ಡಾಲಿ ಅನ್ನುವ ರೌಡಿಯಾದರು. ಹೆಸರಿನ ಮುಂದೆಯೇ ಡಾಲಿ ಅಂಟಿಕೊಂಡಿತು.

ಅಕ್ಕಪಕ್ಕದ ಭಾಷೆಗಳಲ್ಲಿ?

ಮಮ್ಮೂಟ್ಟಿ ಅವರ 'ವಿಧೇಯನ್' ನೋಡಿಲ್ಲ ಅಂದರೆ ಮೊದಲು ನೋಡಿ. ಅಡೂರ್ ಗೋಪಾಲಕೃಷ್ಣನ್ ಅವರ ಈ ಚಿತ್ರಕ್ಕೂ ನಮಗೂ ನಂಟಿದೆ. ಕಥೆ ನಡೆಯುವುದು ಕರ್ನಾಟಕದ ದಕ್ಷಿಣದ ನೆಲದಲ್ಲಿ. ಭಾಸ್ಕರ ಪಟೇಲ ಅನ್ನುವ ಜಮೀನ್ದಾರ, ಕನ್ನಡ ಬೆರೆಸಿದ ಮಲಯಾಳ ಮಾತಾಡುತ್ತಾನೆ. ಕೇರಳದಿಂದ ಹೊಟ್ಟೆಪಾಡಿಗೆ ಬಂದ ತೊಮ್ಮಿಯನ್ನು ಒದೆಯುತ್ತಾನೆ, ಉಗಿಯುತ್ತಾನೆ, ಅವನ ಹೆಂಡತಿಯನ್ನೂ ಬಿಡುವುದಿಲ್ಲ. ಆಗ ಮಮ್ಮೂಟ್ಟಿ ಕೇರಳದ ಅತಿ ಚೆಂದದ ಸೂಪರ್‌ಸ್ಟಾರ್. 1993ರ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೆ ಬಂದದ್ದರಲ್ಲಿ ಈ ಪಾತ್ರದ ಪಾಲಿದೆ. ಮೂವತ್ತು ವರ್ಷ ಕಳೆದರೂ ಚಟ ಬಿಟ್ಟಿಲ್ಲ. 2023ರ 'ಕಾದಲ್'ನಲ್ಲಿ ಸಲಿಂಗಿ ಗಂಡನ ಪಾತ್ರ, ದುಡ್ಡು ಹಾಕಿದ್ದೂ ಅವರೇ.

ಹಿಂದಿಯಲ್ಲಿ ಸೈಫ್ ಅಲಿ ಖಾನ್. ಪಟ್ಟಣದ ಶೋಕಿ ಹುಡುಗ ಅಂತ ಹೆಸರಾದವರು 2006ರ 'ಓಂಕಾರಾ'ದಲ್ಲಿ ಕುಂಟುವ, ಕರೆಗಟ್ಟಿದ ಹಲ್ಲಿನ ಲಂಗ್ಡಾ ತ್ಯಾಗಿ. ಕಾಲೆಳೆಯುವ ಶಕುನಿಯ ಮಗ್ಗುಲಲ್ಲೇ ನನ್ನ ತಲೆಯಲ್ಲಿ ಅವನಿಗೂ ಜಾಗ. ತಮಿಳಿನ ಅರವಿಂದ ಸ್ವಾಮಿ 'ರೋಜಾ', 'ಬಾಂಬೆ' ಹೀರೋ. ಸಿನಿಮಾ ಬಿಟ್ಟು ವರ್ಷಗಟ್ಟಲೆ ದೂರ ಇದ್ದು ಬಂದು, 2015ರ 'ತನಿ ಒರುವನ್'ನಲ್ಲಿ ಕೋಟು ಹಾಕಿದ ವಿಲನ್. ಚೆಂದ ಹಾಗೇ ಇತ್ತು, ಅದನ್ನೇ ವಿಷ ಮಾಡಿದರು.

ಗಂಡಸರಿಗೂ ಹೆಂಗಸರಿಗೂ ಒಂದೇ ನಿಯಮನಾ?

ಎಲ್ಲಿ ಬಂತು. ಗಂಡಸು ವಿಲನ್ ಆದರೆ 'ಮಾಸ್' ಅಂತಾರೆ, ಶಿಳ್ಳೆ ಬೀಳುತ್ತದೆ. ಹೆಂಗಸು ಮೇಕಪ್ ತೆಗೆದರೆ 'ಧೈರ್ಯ' ಅಂತಾರೆ. 'ಮೇಕಪ್ ತೆಗೆಯೋದೂ ಒಂದು ಧೈರ್ಯನಾ?' ಅಂತ ನಮ್ಮಕ್ಕ ಟೀವಿ ಮುಂದೆ ಬೈಯುತ್ತಿರುತ್ತಾರೆ. ಬೆಂಗಳೂರಿನಲ್ಲಿ ಬೆಳೆದ, ಮೊದಲ ಚಿತ್ರ ಕನ್ನಡದಲ್ಲೇ ಮಾಡಿದ ದೀಪಿಕಾ ಪಡುಕೋಣೆ 2020ರ 'ಛಪಾಕ್'ನಲ್ಲಿ ಆ್ಯಸಿಡ್ ದಾಳಿಗೆ ಒಳಗಾದ ಹೆಣ್ಣುಮಗಳಾದರು. ನಿರ್ಮಾಣದಲ್ಲೂ ಪಾಲಿತ್ತು. ಥೆರಾನ್, ದೀಪಿಕಾ ಇಬ್ಬರೂ ನಿರ್ಮಾಪಕಿಯರಾದದ್ದು ಕಾಕತಾಳೀಯ ಅಂತ ನನಗೆ ಅನಿಸುವುದಿಲ್ಲ. ಅಂಥ ಪಾತ್ರವನ್ನು ಹೆಂಗಸರಿಗೆ ಯಾರೂ ಮನೆ ಬಾಗಿಲಿಗೆ ತಂದುಕೊಡುವುದಿಲ್ಲ.

ಅಂಥ ಮುಖ ಇರುವ ನಟರಿಗೇ ಆ ಪಾತ್ರ ಕೊಡಬಹುದಲ್ವಾ?

ಇದೇ ಎಲ್ಲಕ್ಕಿಂತ ಒಳ್ಳೆ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. 2019ರ 'ಸೂಪರ್ 30'ರಲ್ಲಿ ಹೃತಿಕ್ ರೋಷನ್ ಮುಖಕ್ಕೆ ಕಂದು ಬಣ್ಣ ಬಳಿದಾಗ ಜನ ಬೈದದ್ದು ಇದಕ್ಕೇ. ಕಪ್ಪಗಿರುವ ನಟರು ಬೇಕಾದಷ್ಟು ಜನ ಕೆಲಸವಿಲ್ಲದೆ ಕೂತಿದ್ದಾರಲ್ಲ. ಚೆಂದದ ನಟ ಕುರೂಪಿಯಾದರೆ ಕಲೆ, ಸಾದಾ ಮುಖದ ನಟ ರಾಜಕುಮಾರನಾಗುತ್ತೇನೆ ಅಂದರೆ ಕಾಮಿಡಿ. ಇನ್ನೊಂದು ಕಡೆ, ದೊಡ್ಡ ಹೆಸರು ಇಲ್ಲದಿದ್ದರೆ ಇಂಥ ಕಥೆಗಳಿಗೆ ದುಡ್ಡೇ ಹುಟ್ಟುವುದಿಲ್ಲ ಅನ್ನುವುದೂ ನಿಜ. ಪರೀಕ್ಷೆಗೆ ನಾನು ಇಟ್ಟುಕೊಂಡ ಲೆಕ್ಕ ಇಷ್ಟೇ: ಇಂಟರ್ವಲ್‌ಗೆ ಹೊರಗೆ ಬಂದಾಗ ನಾನು ಪಾತ್ರದ ಬಗ್ಗೆ ಮಾತಾಡ್ತಿದ್ದೀನಾ, ಮೇಕಪ್ ಬಗ್ಗೆನಾ?

ತೂಕ ಏರಿಸಿ ಇಳಿಸೋದು ಮೈಗೆ ಕೆಡುಕಲ್ವಾ?

ಕೆಡುಕೇ. 2018ರ 'ಟಲಿ' ಚಿತ್ರಕ್ಕೆ ಏರಿಸಿದ ತೂಕ ಇಳಿಸಲು ಒಂದೂವರೆ ವರ್ಷ ಹಿಡಿಯಿತು, ಮನಸ್ಸೂ ಕುಗ್ಗಿತು ಅಂತ ಥೆರಾನ್ ಹೇಳಿದ್ದಾರೆ. 'ಮಾನ್‌ಸ್ಟರ್' ಕಾಲದ 27ರ ಮೈ ಬೇರೆ, 40 ದಾಟಿದ ಮೈ ಬೇರೆ. ಅವರ ಹಿಂದೆ ಡಾಕ್ಟರು, ಡಯೆಟ್ ಹೇಳುವವರು ಇರುತ್ತಾರೆ. ನೀವು ಹವ್ಯಾಸಿ ನಾಟಕಕ್ಕಾಗಿ ಉಪವಾಸ ಕೂರಬೇಡಿ.

ಒಂದು ಅಚ್ಚಿನಿಂದ ತಪ್ಪಿಸಿಕೊಂಡು ಇನ್ನೊಂದಕ್ಕೆ ಬೀಳಲ್ವಾ?

ಬೀಳುತ್ತಾರೆ, ಬಾಣಲೆಯಿಂದ ಬೆಂಕಿಗೆ. 'ಟಗರು' ಆದ ಮೇಲೆ ಧನಂಜಯಗೆ ಒರಟು ಪಾತ್ರಗಳೇ ಮೇಲಿಂದ ಮೇಲೆ ಬಂದವು, ತೆಲುಗಿನ 'ಪುಷ್ಪ'ದಲ್ಲೂ ಜಾಲಿ ರೆಡ್ಡಿ. ಅವರು ಬುದ್ಧಿವಂತರು. 2021ರಲ್ಲೇ 'ರತ್ನನ್ ಪ್ರಪಂಚ'ದಲ್ಲಿ ಅಮ್ಮನ ಹತ್ತಿರ ಬೈಸಿಕೊಳ್ಳುವ ಪಾಪದ ಮಗನಾದರು, ಅದೇ ವರ್ಷ ತಾವೇ ನಿರ್ಮಾಣಕ್ಕೂ ಕೈ ಹಾಕಿದರು. ಆ ಬ್ಯಾನರ್ ಹೆಸರು? ಡಾಲಿ ಪಿಕ್ಚರ್ಸ್.

ನಮ್ಮೂರ ಶಕುನಿಗೂ ಅದೇ ಗತಿ. ಮುಂದಿನ ಸಲ ನಾಟಕಕ್ಕೆ ಮೇಷ್ಟ್ರು ಬಂದಾಗ ಕೇಳುವ ಮೊದಲೇ ಪಟ್ಟಿಯಲ್ಲಿ ಶಕುನಿ ಅಂತ ಅವರ ಹೆಸರು ಬರೆದಿಟ್ಟಿದ್ದರು. ಅವರು ಭೀಮ ಬೇಕು ಅಂತ ಜಗಳ ತೆಗೆದರು.

ಎಲ್ಲಿಂದ ನೋಡೋಕೆ ಶುರು ಮಾಡಲಿ?

ಜೋಡಿ ಜೋಡಿಯಾಗಿ ನೋಡಿ. ಶನಿವಾರ 'ದಿ ಇಟಾಲಿಯನ್ ಜಾಬ್', ಭಾನುವಾರ 'ಮಾನ್‌ಸ್ಟರ್'. ಶ್ರೀನಾಥ್ ಅವರ 'ಶುಭಮಂಗಳ' ಆದ ಮೇಲೆ 'ಮಾನಸ ಸರೋವರ'. 'ಪ್ರೇಮಲೋಕ' ಆದ ಮೇಲೆ 'ದೃಶ್ಯ'. 'ವಿಧೇಯನ್' ಮಾತ್ರ ಮಕ್ಕಳು ಮಲಗಿದ ಮೇಲೆ ಹಾಕಿ.